ಭರಮಣ್ಣನ ಕಾಂಪ್ಲೆಕ್ಸಿಗೆ ನಾನು ತೋಡಿಸಿದ ಇಂಗುಗುಂಡಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಮಳೆನೀರು ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದಿಲ್ಲವೇ? ನನಗಂತೂ ಗೊತ್ತಿತ್ತು. ನೀರಿಗೆ ಗೊತ್ತಿರಲಿಲ್ಲ.

ಹೆಂಡತಿ ಪದ್ಮಾಳ ಅಣ್ಣ ಭರಮಣ್ಣ ನಿಪ್ಪಾಣಿಯಲ್ಲಿ, ಎರಡು ಎಕರೆ ಎರೆಭೂಮಿಯಲ್ಲಿ, ಮೂವತ್ತು ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟಿಸುತ್ತಿದ್ದ. ಮಳೆನೀರು ಕೊಯ್ಲಿನ ಬಗ್ಗೆ ಪತ್ರಿಕೆಗಳು ದಿನವೂ ಬರೆಯುತ್ತಿದ್ದ ಕಾಲ ಅದು. ಅಷ್ಟು ದೊಡ್ಡ ಛಾವಣಿಯ ನೀರೆಲ್ಲ ಗಟಾರದ ಪಾಲಾಗುತ್ತದೆಂದು ನನಗೆ ಸಂಕಟವಾಯಿತು. ಒಂದು ಹನಿಯೂ ಹೊರಗೆ ಹೋಗಕೂಡದು ಎಂದು ನಕ್ಷೆ ಬರೆದುಕೊಟ್ಟೆ. ಪಾಪ, ಭರಮಣ್ಣ ನಂಬಿದ! ಇಡೀ ಅಂಗಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿಸಿ, ಅಲ್ಲಿ ಆಳುದ್ದದ ಇಂಗುಗುಂಡಿ ತೋಡಿಸಿದ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸಕಲರ ಸಮಕ್ಷಮದಲ್ಲಿ ವೈಜ್ಞಾನಿಕ ಪರೀಕ್ಷೆ ನಡೆಸಿದೆ. ಒಂದು ಟ್ಯಾಂಕರ್ ನೀರು ಬಿಡಿಸಿದೆ. ಗಳಗಳ ಎಂದು ಅಷ್ಟೂ ಮಾಯ!

ಭೋಜ ಎಂಬ ಹಳ್ಳಿಯ ಹೊಲದಲ್ಲಿ ಬೆಳೆದ ಪದ್ಮಾ ಮಾತ್ರ ಗುಂಡಿಯೊಳಗೆ ಇಣುಕಿ, "ಏನ್ರಿ, ಇದು ಎರಿಮಣ್ಣ ಐತಿ. ಬ್ಯಾಸಗ್ಯಾಗ ಬಿರಿತೈತಿ, ಎಷ್ಟ ಹಾಕಿದ್ರೂ ಕುಡಿತೈತಿ. ಮಳಿ ಹತ್ತಿತಂದ್ರ ಉಬ್ಬಿ ಬಾಯಿ ಮುಚ್ಚತೈತಿ. ಕೆಳಗ ನೀರ ಹೀರೂ ಗರಸಮಣ್ಣ ಹತ್ತೂತನಕ ತೋಡಸ್ರಿ. ಗಟಾರಕ್ಕೂ ಒಂದ ದಾರಿ ಇಡ್ರಿ" ಎಂದಳು.

"ಬಿಎಸ್ಸಿ ನಾ ಮಾಡೇನೋ, ನೀ ಮಾಡೀಯೋ?"

"ನೀವ ಮಾಡೀರಿ. ನಾ ಹೊಲಾ ಮಾಡೇನಿ."

ಈ ಅವೈಜ್ಞಾನಿಕ ಹೇಳಿಕೆಯನ್ನು ತಳ್ಳಿಹಾಕಿ, ಗಟಾರಕ್ಕೆ ಹೋಗುವ ಪೈಪಿನ ಬಾಯಿಗೆ ಗೌಂಡಿ ಮಲ್ಲಪ್ಪನಿಂದ ಸಿಮೆಂಟು ಜಡಿಸಿದೆ. ಓಡಿಹೋಗಲು ದಾರಿ ಕೊಟ್ಟರೆ ನೀರು ಇಂಗುವ ಮನಸ್ಸು ಮಾಡುವುದಿಲ್ಲ ಎಂಬುದು ನನ್ನ ಸಿದ್ಧಾಂತ!

ಜೂನಿನ ಮೊದಲ ಮಳೆ ಪೂರ್ತಿ ಇಂಗಿತು. ನಾನು ಪೇಢೆ ಹಂಚಿದೆ. ಆಮೇಲೆ ಮೃಗಶಿರಾ, ಅಂದರೆ ನಮ್ಮ ಕಡೆಯ ಮಿರಗದ ಮಳೆ ಎಂಟು ದಿನ ಬಿಡದೆ ಹಿಡಿಯಿತು.

ಒಂಬತ್ತನೆಯ ದಿನ ಮೊದಲ ಅಂಗಡಿಯ ಉದ್ಘಾಟನೆ. ಸೀರೆ ವ್ಯಾಪಾರಿ ಶೇಟಜಿಯದು. "ಶೇಟಜಿ ನಿಂತ್ರ ಉಳಿದವ್ರು ಬರ್ತಾರ, ಅವ್ರು ಹೋದ್ರ ಕಾಂಪ್ಲೆಕ್ಸ್ ಖಾಲಿ" ಎಂದು ಭರಮಣ್ಣ ಮೊದಲೇ ಹೇಳಿದ್ದ. ಅಂದು ಬೆಳಿಗ್ಗೆ ಅವನದೇ ಫೋನು.

"ಮಾಸ್ತರ್ರ, ಲಗೂನ ಬರ್ರಿ! ಅಂಗಳದಾಗ ಎರಡ ಎಮ್ಮಿ ಈಜಾಕತ್ತಾವ!"

ನಾವಿಬ್ಬರೂ ಚಿಕ್ಕೋಡಿಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಮ್ಮೆಗಳು ಆರಾಗಿದ್ದವು. ಪೂಜೆಗೆ ಬಂದವರು ಕೆಳಗೆ ಬಿಟ್ಟ ಚಪ್ಪಲಿಗಳು ಜೋಡಿ ತಪ್ಪಿ ತೇಲುತ್ತಿದ್ದವು. ನೀರು ಇನ್ನೊಂದು ಮೆಟ್ಟಿಲು ಏರಿದರೆ ಸೀರೆಗಳೊಳಗೆ! ಶೇಟಜಿ ಧೋತರ ಎತ್ತಿ ಹಿಡಿದು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದರು.

"ಮಾಸ್ತರ, ನಾ ಸೀರಿ ಮಾರಾಂವ ಅದೇನಿ, ಮೀನ ಅಲ್ಲ! ಮಾಲ ಕಟ್ಕೊಂಡ ಹೊಂಟೆ!"

ಭರಮಣ್ಣನ ಮುಖ ನನ್ನಿಂದ ನೋಡಲಾಗಲಿಲ್ಲ. ಕೂಡಲೇ ಪಂಪು ತರಿಸಿ, ಪೈಪನ್ನು ಕಾಂಪೌಂಡ್ ಗೋಡೆಯಾಚೆ ಇಳಿಬಿಟ್ಟೆ. ಐದು ನಿಮಿಷ ಎಲ್ಲವೂ ಸುಸೂತ್ರ. ಆಚೆಯಿಂದ ಕೂಗು ಬಂತು.

"ಯಾಂವಲೇ ಅಂವ, ನಮ್ಮ ತಂಬಾಕದ ಗೋದಾಮಿಗೆ ನೀರ ಬಿಡಾಂವ?"

ಗಾಬರಿಯಾಗಿ ಪೈಪನ್ನು ಈ ಕಡೆ ತಿರುಗಿಸಿದೆ. ಧಾರೆ ನೇರ ಮೇಲಿನ ಮೆಟ್ಟಿಲಿಗೆ! ಅಂಗಡಿಗಿಂತ ಮೊದಲು ಶೇಟಜಿಯ ಉದ್ಘಾಟನೆಯಾಯಿತು!

ಪದ್ಮಾ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದು, ಗೌಂಡಿ ಮಲ್ಲಪ್ಪನನ್ನು ಕರೆದಳು.

"ಮಲ್ಲಪ್ಪ, ಹಾರಿ ತಗೊಂಡ ಬಾ. ಮಾಸ್ತರ್ರ ಸಿಮೆಂಟ ಒಡಿ."

ನಾಲ್ಕು ಪೆಟ್ಟು. ಭೋರ್ ಎಂದು ನೀರು ಗಟಾರದ ದಾರಿ ಹಿಡಿಯಿತು. ಅರ್ಧ ಗಂಟೆಯಲ್ಲಿ ಮೆಟ್ಟಿಲುಗಳು ಕಂಡವು. ಎಮ್ಮೆಗಳು ಬೇಸರದಿಂದ ಎದ್ದುಹೋದವು.

"ಕಾಕಾ, ಮಳಿ ನಿಂತಮ್ಯಾಲ ಗರಸಿನ ತನಕ ತೋಡಸ್ತೇವ್ರಿ. ಹೆಚ್ಚಾದದ್ದಷ್ಟ ಗಟಾರಕ್ಕ ಹೋಗತೈತಿ" ಎಂದು ಪದ್ಮಾ ಶೇಟಜಿಗೆ ಟವೆಲ್ ಕೊಟ್ಟಳು.

ಹಾಗೆಯೇ ಆಯಿತು. ಮುಂದಿನ ವರ್ಷದಿಂದ ಎಂಥ ಮಳೆ ಬಂದರೂ ನೀರು ಗುಟುಕು ಗುಟುಕಾಗಿ ನೆಲಕ್ಕಿಳಿಯುತ್ತದೆ, ಬೋರ್‌ವೆಲ್ಲಿನಲ್ಲಿ ಬೇಸಿಗೆಯಲ್ಲೂ ನೀರಿದೆ. ನೋಡಿದಾಗಲೆಲ್ಲ ನನಗೆ ಸಂತೋಷ, ಪದ್ಮಾಳ ಮೇಲೆ ಹೆಮ್ಮೆ.

ಶೇಟಜಿಯೂ ಅಂಗಡಿ ಬಿಡಲಿಲ್ಲ, ಮೂವತ್ತೂ ಅಂಗಡಿಗಳು ತುಂಬಿದವು. ಅವರು ಹಾಕಿದ್ದು ಒಂದೇ ಷರತ್ತು. ಬಾಡಿಗೆ ಕರಾರಿಗೆ ಒಂದು ಸಾಲು ಸೇರಿತು: "ಮಾಸ್ತರರ ಸಲಹೆಯ ಮೇರೆಗೆ ಸದರಿ ಕಟ್ಟಡದಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ."

ಅಕ್ಷರ ದುಂಡಗಿದೆ ಎಂದು ಆ ಸಾಲನ್ನು ನನ್ನ ಕೈಯಿಂದಲೇ ಬರೆಸಿದರು!