ಕೊಸರಿಗೆ ಬಂದ ಋಷಿ

ಆ ಪುಸ್ತಕಕ್ಕೆ ನಾನು ಒಂದು ಪೈಸೆಯನ್ನೂ ಕೊಟ್ಟವಳಲ್ಲ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗಿಯೊಬ್ಬಳಿಂದ ಮೇಜು ಕೊಳ್ಳಲು ಹೋಗಿದ್ದೆ. ಅವಳು ಎಂಟುನೂರು ಎಂದಳು, ನಾನು ಐನೂರು ಎಂದೆ, ಆರುನೂರಕ್ಕೆ ಬರುವಾಗ ಇಬ್ಬರಿಗೂ ಸುಸ್ತು. ಹಾಗೆಂದು ಕೊಸರಿಲ್ಲದೆ ಎದ್ದು ಬಂದ ಚರಿತ್ರೆ ನನ್ನದಲ್ಲ. ಮೇಜಿನ ಕುಂಟುಕಾಲಿಗೆ ಆಸರೆ ಕೊಟ್ಟಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಸೇರಿಸಿ ಎತ್ತಿಕೊಂಡು ಬಂದೆ. ಮೇಜು ವಾರದೊಳಗೆ ಮಾರಿಹೋಯಿತು. ಪುಸ್ತಕ ಮನೆಯಲ್ಲೇ ಉಳಿದು ನನ್ನ ಗಂಡನ ಆರು ವರ್ಷದ ಸಂಜೆಗಳನ್ನು ತಿಂದಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ದುಬಾರಿ ಬೆಲೆ ನಾನು ಬೇರೆಲ್ಲೂ ತೆತ್ತಿಲ್ಲ.

ಇವರು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಂಡಿದ್ದವರು. ಮೂವತ್ತು ವರ್ಷ ಆ ಸದ್ದಿನಲ್ಲಿ ನಿಂತು ಮಾತನಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ನಿವೃತ್ತರಾದ ಮೇಲೆ ಈ ಪುಸ್ತಕ ಹಿಡಿದರು, ಮಾತು ಬಂತು. ಈಜಿಪ್ಟಿನಲ್ಲಿ ಹರ್ಮಿಸ್ ಎಂಬ ಋಷಿ ಇದ್ದನಂತೆ. ದೇವರು, ಮನಸ್ಸು, ನಕ್ಷತ್ರ ಎಲ್ಲದರ ಬಗ್ಗೆ ಮಗನಿಗೂ ಶಿಷ್ಯರಿಗೂ ಉಪದೇಶ ಮಾಡಿದನಂತೆ. ಗ್ರೀಕರ ತತ್ವಜ್ಞಾನಿಗಳು ಹುಟ್ಟುವ ಎಷ್ಟೋ ಕಾಲ ಮೊದಲಿನ ಮಾತಂತೆ. ಅದನ್ನು ಕನ್ನಡಕ್ಕೆ ತರುವುದೇ ಇವರ ಕೆಲಸವಾಯಿತು. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಇವರು ಓದಿ ಹೇಳುವುದು, ಪಕ್ಕದಲ್ಲಿ ನಾನು ಬಂಗುಡೆ ಮೀನು ಸರಿಮಾಡುತ್ತಾ ಹೂಂಗುಟ್ಟುವುದು.

ನನ್ನದು ಹಳೆ ಮರದ ಸಾಮಾನಿನ ಅಂಗಡಿ. ಬಜಗೋಳಿಯಿಂದ ಬಸ್ಸಿನ ಮೇಲೆ ಹಾಕಿ ತಂದ ಒಂದು ಮುರುಕು ಕುರ್ಚಿಯಿಂದ ಶುರುವಾದದ್ದು. ಮಾರಲು ಬಂದವರೆಲ್ಲ ಇದು ಅಜ್ಜನ ಅಜ್ಜನ ಕಾಲದ್ದು ಎನ್ನುತ್ತಾರೆ. ನಾನು ಬಾಯಿ ನೋಡುವುದಿಲ್ಲ, ಸಾಮಾನನ್ನು ಮಗುಚಿ ಹಾಕಿ ಅಡಿ ನೋಡುತ್ತೇನೆ. ಹಳೆ ಬಡಗಿ ಮರದ ಬೆಣೆ ಹೊಡೆದು ಕೂರಿಸುತ್ತಿದ್ದ. ಮೂಲೆಯಲ್ಲಿ ಒಂದು ಸ್ಕ್ರೂ ಕಂಡಿತೋ, ಅಜ್ಜನ ಅಜ್ಜ ಅಲ್ಲೇ ಮೊಮ್ಮಗನಾಗುತ್ತಾನೆ. ಈ ವಿದ್ಯೆಯಿಂದಲೇ ಕಾರ್ಕಳದ ಹಳೆ ಮನೆಯೊಂದರ ಮಂಚ ತಂದದ್ದು, ನನ್ನ ಮೊದಲ ದೊಡ್ಡ ವ್ಯಾಪಾರ. ಅದನ್ನು ಮಾರದೆ ಮನೆಯಲ್ಲೇ ಇಟ್ಟುಕೊಂಡು, ಬಂದವರಿಗೆಲ್ಲ ನೂರೈವತ್ತು ವರ್ಷದ್ದು ಎಂದು ತೋರಿಸುತ್ತೇನೆ.

ಕಳೆದ ತಿಂಗಳು ಇವರು ಒಂದು ಪಾಠ ಓದಿದರು. ಹರ್ಮಿಸನ ಶಿಷ್ಯ ರಾಜನಿಗೆ ಹೇಳುತ್ತಾನೆ: ಈ ಉಪದೇಶ ಗ್ರೀಕರ ಕೈಗೆ ಸಿಕ್ಕಿ ಅವರ ಭಾಷೆಗೆ ಹೋಗದ ಹಾಗೆ ನೋಡಿಕೊಳ್ಳಬೇಕು, ಆ ಭಾಷೆಯಲ್ಲಿ ಇದರ ಶಕ್ತಿ ಉಳಿಯುವುದಿಲ್ಲ. ಇದು ಮೊದಲು ಯಾವ ಭಾಷೆಯಲ್ಲಿ ಸಿಕ್ಕಿತು ಎಂದು ಕೇಳಿದೆ. ಗ್ರೀಕಿನಲ್ಲಿ ಎಂದರು. ಈಜಿಪ್ಟಿನ ಮೂಲ ಪ್ರತಿ? ಅದು ಸಿಕ್ಕಿಲ್ಲವಂತೆ. ನನ್ನ ಕತ್ತಿ ಬಂಗುಡೆಯ ಮೇಲೆ ನಿಂತಿತು. 'ಇದು ಸ್ಕ್ರೂ ಇಲ್ಲದ ಕಾಲದ ಪೆಟ್ಟಿಗೆ' ಎಂಬ ಬೋರ್ಡನ್ನು ಪೆಟ್ಟಿಗೆಗೆ ಸ್ಕ್ರೂ ಹಾಕಿ ಕೂರಿಸಿದ ಹಾಗಾಯಿತಲ್ಲ!

ಬೇರೆ ಸಮಯವಾದರೆ ನಕ್ಕು ಬಿಡುತ್ತಿದ್ದೆ. ಆದರೆ ಅದರ ಮುಂದಿನ ಭಾನುವಾರ ಉಡುಪಿಯ ಓದುಗರ ಕೂಟದಲ್ಲಿ ಇವರು ತಮ್ಮ ಅನುವಾದದ ಮುನ್ನುಡಿ ಓದುವುದಿತ್ತು. ಜನರೆದುರು ಇವರು ಬಾಯಿ ಬಿಡುವುದು ಜೀವಮಾನದಲ್ಲೇ ಮೊದಲು. ಮುನ್ನುಡಿಯ ಮೊದಲ ವಾಕ್ಯ, 'ಜಗತ್ತಿನ ಅತ್ಯಂತ ಪ್ರಾಚೀನ ಜ್ಞಾನವಿದು.' ಮಣಿಪಾಲದ ಪ್ರೊಫೆಸರುಗಳೂ ಬರುವವರಿದ್ದರು. ಅವರಲ್ಲಿ ಒಬ್ಬರು ಮೇಡಂ ಅದೇ ವಾರ ನನ್ನ ಅಂಗಡಿಗೆ ಮರದ ಪೆಟ್ಟಿಗೆ ಹುಡುಕಿಕೊಂಡು ಬಂದರು. ಬೆಲೆಯಲ್ಲಿ ಇನ್ನೂರು ರೂಪಾಯಿ ಬಿಟ್ಟು, ಬದಲಿಗೆ ಹರ್ಮಿಸನ ವಯಸ್ಸು ಕೇಳಿದೆ. ನಾನೂರು ವರ್ಷದ ಹಿಂದೆಯೇ ಒಬ್ಬ ವಿದ್ವಾಂಸ ಆ ಪುಸ್ತಕದ ಗ್ರೀಕ್ ಭಾಷೆಯನ್ನು ಪರೀಕ್ಷಿಸಿ ಗುಟ್ಟು ರಟ್ಟು ಮಾಡಿದ್ದನಂತೆ. ಬರೆದದ್ದು ಕ್ರಿಸ್ತ ಹುಟ್ಟಿದ ಮೇಲಿನ ಶತಮಾನಗಳಲ್ಲಿ, ಈಜಿಪ್ಟಿನಲ್ಲಿದ್ದ ಯಾರೋ ಹೆಸರಿಲ್ಲದವರು. ಆದರೆ ಪೂರಾ ಸುಳ್ಳು ಎನ್ನುವ ಹಾಗೂ ಇಲ್ಲ, ಒಳಗೆ ಈಜಿಪ್ಟಿನ ಹಳೆಯ ವಿಚಾರಗಳೂ ಉಂಟು ಎಂದು ಈಗಿನವರು ಹೇಳುತ್ತಾರಂತೆ. ನನಗೆ ತಟ್ಟನೆ ಅರ್ಥವಾಯಿತು. ಹಳೆ ಮನೆಯ ತೊಲೆ ಕೊಯ್ದು ಹೊಸ ಬಡಗಿ ಮಾಡಿದ ಸಾಮಾನು!

ಇವರಿಗೆ ಹೇಳಿದೆ. ಬಿರುಕು ಬಿಟ್ಟ ಸಾಮಾನು ಮಾರುವಾಗಿನ ಕ್ರಮದಲ್ಲೇ, ಮೊದಲು ಹೊಗಳಿ, ಆಮೇಲೆ ಬಿರುಕು ತೋರಿಸಿ. ಇವರು ಹಾಳೆಗಳನ್ನು ಜೋಡಿಸಿ ನೂಲು ಕಟ್ಟಿ ಒಳಗೆ ಹೋದರು. ಇನ್ನು ಮತ್ತೆ ಮೌನಕ್ಕೇ ಹೋದರೆ ಎಂದು ನನಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರು.

"ನಮ್ಮ ಮಂಚದ ಎಡಗಾಲಿನ ಒಳಗೆ ಎರಡು ಸ್ಕ್ರೂ ಉಂಟು ಮಾರಾಯ್ತಿ."

ಯಾವಾಗ ನೋಡಿದಿರಿ ಎಂದೆ. ತಂದ ವಾರವೇ, ಅಲುಗಾಡುತ್ತದೆ ಎಂದು ಮಗುಚಿದಾಗ ಕಂಡಿತಂತೆ. ಇಪ್ಪತ್ತೇಳು ವರ್ಷ!

"ಮತ್ತೆ ಹೇಳಲಿಲ್ಲ ಯಾಕೆ?"

"ನೀನು ಅಷ್ಟು ಖುಷಿಯಲ್ಲಿದ್ದಿ. ಮಂಚವೂ ಒಳ್ಳೆದುಂಟಲ್ಲ, ನಿದ್ದೆ ಬರ್ತದೆ." ಮತ್ತೆ ನೂಲು ಬಿಚ್ಚುತ್ತಾ, "ನೀನು ಭಾನುವಾರದ ಮೊದಲೇ ಹೇಳಿದ್ದು ಒಳ್ಳೆದಾಯ್ತು" ಎಂದರು.

ಕೂಟದಲ್ಲಿ ಇವರು ಓದಿದ ಮೊದಲ ವಾಕ್ಯ ಬೇರೆಯೇ ಆಗಿತ್ತು: 'ಇದನ್ನು ಬರೆದವರು ಯಾರೆಂದು ಗೊತ್ತಿಲ್ಲ, ತಮಗೆ ಹೊಳೆದದ್ದನ್ನು ಹಿರಿಯನೊಬ್ಬನ ಹೆಸರಿಗೆ ಬಿಟ್ಟು ಹೋದರು.' ಪೆಟ್ಟಿಗೆ ಕೊಂಡ ಮೇಡಂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ನನ್ನ ಇನ್ನೂರು ರೂಪಾಯಿ ವಸೂಲಾಯಿತು.

ಆದ್ದರಿಂದ ನಿಮಗೆ ನನ್ನ ಸಲಹೆ. ಹಳೆಯದು ಎಂದು ಯಾರು ಏನು ಕೊಟ್ಟರೂ ಟಾರ್ಚ್ ಹಿಡಿದು ಮಗುಚಿ ನೋಡಿ, ಅದು ಕುರ್ಚಿಯಾಗಲಿ ಋಷಿಯಾಗಲಿ. ಸ್ಕ್ರೂ ಕಂಡರೆ ಬೆಲೆ ಇಳಿಸಿ, ಆದರೆ ಮರ ಒಳ್ಳೆಯದಿದ್ದರೆ ಬಿಟ್ಟು ಬರಬೇಡಿ. ಕೊಸರು ಕೇಳಲು ನಾಚಬೇಡಿ. ಮನೆಯಲ್ಲಿ ಈಗಾಗಲೇ ಇರುವ ಸಾಮಾನಿನ ವಯಸ್ಸು ಬೇಕಿದ್ದರೆ ಮಾತ್ರ ಟಾರ್ಚ್ ಹುಡುಕುವುದು ಬೇಡ, ಗಂಡನನ್ನೇ ಕೇಳಿ. ನನ್ನ ಹಾಗೆ ಇಪ್ಪತ್ತೇಳು ವರ್ಷ ತಡಮಾಡಬೇಡಿ.