ಅರಸೀಕೆರೆಗೆ ಬಂದ ಇಟಲಿಯ ಆರು ಡಬ್ಬಿ

ನಾನು ಕೈ ಹಾಕಿದ ಕೆಲಸ ಯಾವತ್ತೂ ಅಂದುಕೊಂಡ ಹಾಗೆ ಆದದ್ದಿಲ್ಲ. ಕೆಟ್ಟರೆ ಹೋಗಲಿ, ಹಾಳಾಯ್ತು ಅಂತ ಸುಮ್ಮನಾಗಬಹುದು. ಒಮ್ಮೊಮ್ಮೆ ಕೆಟ್ಟು ಚೆನ್ನಾಗಿಬಿಡುತ್ತೆ ನೋಡಿ, ಅದನ್ನ ಯಾರಿಗೂ ವಿವರಿಸೋಕಾಗಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹೊಟ್ಟೆಪಾಡಿಗೆ ಅದು, ಹುಚ್ಚಿಗೆ ಫಿಲಂ ಸೊಸೈಟಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಊರಿನ ಟಾಕೀಸಿನಲ್ಲಿ ಹೊರದೇಶದ ಸಿನಿಮಾ ಹಾಕ್ತಿದ್ವಿ. ಸದಸ್ಯರು ಹನ್ನೊಂದು ಜನ. ಅದರಲ್ಲಿ ನಾಲ್ವರು ಫ್ಯಾನ್ ಗಾಳಿಗೆ ನಿದ್ದೆ ಹೊಡೆಯೋಕೇ ಬರ್ತಿದ್ದದ್ದು.

ಟಾಕೀಸಿನ ಯಜಮಾನರು ಒಂದು ದಿನ ನನ್ನನ್ನ ಕರೆಸಿದರು. “ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಸಲ ಹಾಲ್ ತುಂಬಲಿಲ್ಲ ಅಂದ್ರೆ ನಿಮ್ಮ ಸೊಸೈಟಿಗೆ ಇದೇ ಕೊನೇ ಆಟ. ಖಾಲಿ ಕುರ್ಚಿಗಳಿಗೆ ಎಷ್ಟು ದಿನ ಅಂತ ಸಿನಿಮಾ ತೋರಿಸ್ಲಿ?”

ಏಳು ವರ್ಷ ಮಗುವಿನ ಹಾಗೆ ಸಾಕಿದ ಸೊಸೈಟಿ. ಅದೂ ಆ ಸಲ ಬರೋದು ಇಟಲಿಯ ಚಿತ್ರ. ಒಬ್ಬ ನಿರ್ದೇಶಕ ತನ್ನ ಹುಟ್ಟೂರನ್ನ ನೆನೆಸಿಕೊಂಡು ಮಾಡಿದ್ದು. ಫೈಟಿಲ್ಲ, ಡ್ಯಾನ್ಸಿಲ್ಲ. ದೇವರೇ ಗತಿ ಅಂದುಕೊಂಡೆ.

ಯಾರ ನೆನಪು?

ಜನ ಸೇರಿಸೋಕೆ ಮೊದಲು ಹೋದದ್ದು ಹಳೇಬೀಡಿಗೆ. ಅಲ್ಲಿ ಬಸದಿಯ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಜೈನರೊಬ್ಬರು ನನ್ನ ಹಳೇ ಸ್ನೇಹಿತರು. ಅವರು ಬಂದರೆ ಜೊತೆಗೆ ಹತ್ತು ಜನ ಬರ್ತಾರೆ.

“ಕಥೆ ಏನು?” ಅಂದರು.

“ಕಥೆ ಅಂತ ಇಲ್ಲ. ನೆನಪು.”

“ಯಾರದ್ದು?”

“ನಿರ್ದೇಶಕರದ್ದು. ಚಿಕ್ಕಂದಿನ ಊರು, ಮನೆ, ತಾಯಿ, ಸ್ಕೂಲು...”

ಅವರು ಮೀಟರ್ ಕೋಲು ಕೆಳಗಿಟ್ಟು ನನ್ನನ್ನ ಕನಿಕರದಿಂದ ನೋಡಿದರು. “ಅಲ್ಲಾ ಸ್ವಾಮಿ, ಒಂದು ಪಂಚೆ ತಗೊಳ್ಳೋಕೆ ಬಂದೋರು ನಂಗೆ ಎರಡು ಗಂಟೆ ತಮ್ಮ ಚಿಕ್ಕಂದಿನದು ಹೇಳ್ತಾರೆ. ಅದೂ ಕನ್ನಡದಲ್ಲಿ. ಅರಸೀಕೆರೆ ತನಕ ಯಾಕ್ ಬರ್ಲಿ?”

ಬೇಲೂರಿನ ಪಂಡಿತ

ರೀಲಿನ ಆರು ಡಬ್ಬಿಗಳು ಬೆಂಗಳೂರಿನಿಂದ ರೈಲಿನಲ್ಲಿ ಬಂದವು. ಜೊತೆಗೆ ಒಂದು ಹಾಳೆ. ಅದರಲ್ಲಿ ನಟನಟಿಯರು, ತಂತ್ರಜ್ಞರು ಎಲ್ಲರ ಹೆಸರೂ ಇತ್ತು. ಎಲ್ಲಾ ಇಟಲಿ ಭಾಷೆಯಲ್ಲಿ.

“ಹೀರೋಯಿನ್ ಯಾರು, ವಿಲನ್ ಯಾರು ಅಂತ ಹ್ಯಾಂಡ್‌ಬಿಲ್‌ನಲ್ಲಿ ಹಾಕಿ. ಇಲ್ಲದಿದ್ರೆ ಯಾವನು ಬರ್ತಾನೆ?” ಅಂತ ಯಜಮಾನರು ಮೊದಲೇ ಹೇಳಿದ್ದರು. ನಮ್ಮೂರಲ್ಲಿ ಆ ಭಾಷೆ ಬಲ್ಲವರು ರೋಮಿನಲ್ಲಿ ಓದಿ ಬಂದಿದ್ದ ಚರ್ಚಿನ ಫಾದರ್ ಒಬ್ಬರೇ. ಅವರು ಆ ವಾರ ಮೈಸೂರಿಗೆ ಹೋಗಿದ್ದರು. ಸರಿ, ಬೇಲೂರು ಬಸ್ಸು ಹತ್ತಿದೆ. ದೇವಸ್ಥಾನದ ಗೈಡ್ ಒಬ್ಬರು ಇಟಲಿಯವರು ಬಂದರೆ ಅವರ ಭಾಷೆಯಲ್ಲೇ ಮಾತಾಡ್ತಾರೆ ಅಂತ ಹೆಸರಾಗಿದ್ದರು.

ಗೈಡ್ ಕನ್ನಡಕ ಏರಿಸಿ ಹಾಳೆ ಹಿಡಿದರು. ಒಂದು ಕಡೆ ದೊಡ್ಡಕ್ಷರದಲ್ಲಿ REGIA ಅಂತಿತ್ತು.

“ರಜಿಯಾ. ಹೀರೋಯಿನ್ನು.”

“ಇಟಲೀಲಿ ರಜಿಯಾನಾ?”

“ಹೆಸರು ಎಲ್ಲಾ ಕಡೆ ಇರ್ತಾವೆ ಕಣ್ರೀ. ಇದು ನೋಡಿ, ಮೊಂಟಾಜಿಯೊ. ವಿಲನ್ನು. ಕೇಳಿದ್ರೇ ಭಯ ಆಗಲ್ವಾ? ಇದು ಕೋಸ್ತೂಮಿ, ಕಾಮಿಡಿ ಮಾಡೋನು.”

ಅವೇ ಹೆಸರು ಹಾಕಿ ಹ್ಯಾಂಡ್‌ಬಿಲ್ಲಿನ ಸ್ಟೆನ್ಸಿಲ್ ಟೈಪ್ ಮಾಡಿ, ಸೈಕ್ಲೋಸ್ಟೈಲ್‌ನಲ್ಲಿ ಐನೂರು ಪ್ರತಿ ತೆಗೆದು ಊರೆಲ್ಲಾ ಹಂಚಿದೆ. ಶನಿವಾರ ಫಾದರ್ ವಾಪಸ್ ಬಂದು, ಹ್ಯಾಂಡ್‌ಬಿಲ್ ಓದಿ, ಇನ್‌ಸ್ಟಿಟ್ಯೂಟಿನ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರೋ ತನಕ ನಕ್ಕರು.

“ಮೊಂಟಾಜಿಯೊ ಅಂದ್ರೆ ಸಂಕಲನ. ಕೋಸ್ತೂಮಿ ಅಂದ್ರೆ ವೇಷಭೂಷಣ. ರೆಜಿಯಾ ಅಂದ್ರೆ ನಿರ್ದೇಶನ, ಮೇಷ್ಟ್ರೇ. ಅಷ್ಟು ದೊಡ್ಡ ಮನುಷ್ಯನಿಗೆ ಸೀರೆ ಉಡಿಸಿಬಿಟ್ರಲ್ಲ!”

ರಜಿಯಾ ನಮ್ಮೋಳು

ತಿದ್ದೋಕೆ ಪುರುಸೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಟಾಕೀಸಿನ ಮುಂದೆ ಹೋಗಿ ನೋಡಿದರೆ ಕಾಲಿಡೋಕೆ ಜಾಗ ಇಲ್ಲ! ಮಸೀದಿ ರಸ್ತೆಯ ಹೆಂಗಸರು ಮಕ್ಕಳುಮರಿ ಕಟ್ಟಿಕೊಂಡು ಬಂದಿದ್ದಾರೆ. ಹಾರನಹಳ್ಳಿಯಿಂದ ಒಂದು ಟೆಂಪೋ ಜನ. “ಏನ್ಲಾ, ರಜಿಯಾ ಅಂತೆ, ಹೊಸಾ ಹೀರೋಯಿನ್ನು” ಅಂತ ಒಬ್ಬ ಇನ್ನೊಬ್ಬನಿಗೆ ಹೇಳ್ತಿದ್ದ. ಯಜಮಾನರ ಮುಖ ಅರಳಿತ್ತು, ನಾನು ಗೋಡೆ ಬದಿಗೆ ಸರಿದು ನಿಂತೆ. ಇಲ್ಲದ ಹೀರೋಯಿನ್ನನ್ನ ಎಲ್ಲಿಂದ ತರಲಿ? ಮೋಸ ಅಂತ ಗೊತ್ತಾದರೆ ಕುರ್ಚಿ ಉಳಿಯುತ್ತಾ, ಸೊಸೈಟಿ ಉಳಿಯುತ್ತಾ, ನಾನು ಉಳೀತೀನಾ?

ಮಸೀದಿ ರಸ್ತೆಯ ಒಬ್ಬರು ಅಜ್ಜಿ ನನ್ನ ತೋಳು ಹಿಡಿದು, “ರಜಿಯಾ ಯಾವೂರ್ನೋಳು ಮಾಸ್ಟ್ರೇ?” ಅಂದರು.

“ದೂರದೋರು ಅಜ್ಜಿ.”

“ಮದ್ವೆ ಆಗೈತಾ? ನಮ್ ಮೊಮ್ಮಗ ರೈಲ್ವೇಲವ್ನೆ.”

ಎಡಗಡೆ ನೋಡಿ

ಭಾಷೆ ಯಾರಿಗೂ ಬರೋದಿಲ್ಲವಲ್ಲ, ಫಾದರ್ ಭಾನುವಾರದ ಪೂಜೆ ಮುಗಿಸಿ ಬರೋದು ತಡ, ಕನ್ನಡದಲ್ಲಿ ವಿವರಿಸೋಕೆ ಅಂತ ಬೇಲೂರಿನ ಗೈಡನ್ನೇ ಕರೆಸಿ ಪರದೆ ಪಕ್ಕ ಮೈಕ್ ಕೊಟ್ಟು ಕೂರಿಸಿದ್ದೆ. ಹಾಳೆಯ ವಿಷಯಕ್ಕೆ ನಾಲ್ಕು ಮಾತು ಬೈದಿದ್ದೆ ಕೂಡ. ಆ ಮನುಷ್ಯ ಒಂಚೂರೂ ಅಳುಕಲಿಲ್ಲ. ಪಾಪ, ಅವರಿಗೆ ಬರ್ತಿದ್ದದ್ದು ಒಂದೇ ವಿದ್ಯೆ.

“ಎಲ್ಲರೂ ಎಡಗಡೆ ನೋಡಿ. ಕನ್ನಡಿ ಹಿಡಿದು ನಿಂತಿರುವ ಸ್ತ್ರೀ. ತಲೆಗೂದಲಿನ ಅಲಂಕಾರ ಗಮನಿಸಿ. ಈಗ ಬಲಗಡೆ. ಇವರು ಪಾದ್ರಿ, ಸೈಕಲ್ ಮೇಲೆ. ಚಕ್ರದ ಒಂದೊಂದು ಕಡ್ಡಿಯನ್ನೂ ನೋಡಿ. ಹಾಗೇ ಮುಂದೆ ಬನ್ನಿ...”

ಮುಂದಿನ ಸಾಲಿನ ಇಬ್ಬರು ನಿಜವಾಗಲೂ ಎದ್ದು ಮುಂದೆ ಹೋದರು.

ಚೆನ್ನಾಗಿರೋ ಡಬ್ಬಿ

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ತಾಯಿ ಪಾತ್ರದವಳು ಕಾಯಿಲೆ ಬಿದ್ದು ತೀರಿಕೊಂಡಳು. ಹೆಣ ಸಾಗಿಸಿದರು. ಮಗ ಖಾಲಿ ಅಡಿಗೆಮನೆಯಲ್ಲಿ ಒಬ್ಬನೇ ನಿಂತ. ಇಷ್ಟು ಬೇಗ ಸತ್ತಳಲ್ಲ ಅಂತ ನಾನು ಯೋಚಿಸ್ತಿರುವಾಗಲೇ ಪರದೆ ತುಂಬಾ FINE ಅಂತ ಬಂತು.

“ಫೈನ್! ಚೆನ್ನಾಗಿದೆ ಅಂತ ಅವರೇ ಹೇಳ್ತಿದ್ದಾರೆ,” ಅಂದರು ಗೈಡ್ ಮೈಕಿನಲ್ಲಿ.

ಆಗಷ್ಟೇ ಪೂಜೆ ಮುಗಿಸಿ ಬಂದು ಪಕ್ಕದಲ್ಲಿ ಕೂತಿದ್ದ ಫಾದರ್ ನನ್ನ ಕಿವಿಯಲ್ಲಿ ಉಸುರಿದರು: “ಅದು ಫೈನ್ ಅಲ್ಲ, ಫೀನೆ. ಇಟಲಿ ಭಾಷೇಲಿ ಮುಗೀತು ಅಂತ.”

ಆಪರೇಟರ್ ಕೋಣೆಗೆ ಓಡಿದೆ. ಅಷ್ಟರಲ್ಲಿ ಮುಂದಿನ ಡಬ್ಬಿ ಓಡ್ತಿತ್ತು. ಆಪರೇಟರ್ ಬೀಗುತ್ತಾ ನಿಂತಿದ್ದ. “ಐದು ಡಬ್ಬಿ ಮೇಲೆ ನಂಬರ್ ಐತೆ ಸಾರ್, ಒಂದ್ರ ಮೇಲೆ ಮಾತ್ರ ಫೈನ್ ಅಂತ ಬರ್ದವ್ರೆ. ಚೆನ್ನಾಗಿರೋದನ್ನ ಮೊದ್ಲೇ ಹಾಕಿದ್ರೆ ಜನ ಎದ್ದೋಗಲ್ಲ ಅಂತ ಹಾಕ್ದೆ.”

ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟೆ. ಕೆಳಗೆ ಹೋಗೋಕೂ ಧೈರ್ಯ ಬರಲಿಲ್ಲ. ಉಳಿದ ಐದೂ ಡಬ್ಬಿ ನಂಬರಿನ ಪ್ರಕಾರವೇ ಓಡಿದವು. ಐದನೆಯದರ ಕೊನೆಯಲ್ಲಿ ಆ ತಾಯಿ ಊಟದ ಮೇಜಿನ ಹತ್ತಿರ ಗಂಡನಿಗೂ ಮಗನಿಗೂ ಒಟ್ಟಿಗೇ ಬೈಯ್ತಾ ಸಾರು ಬಡಿಸ್ತಿದ್ದಳು. ಅಲ್ಲಿಗೆ ದೀಪ ಹತ್ತಿತು.

ಆಮೇಲೆ ಚಪ್ಪಾಳೆ ಅಂದ್ರೆ ಚಪ್ಪಾಳೆ! ಇಳಿದು ಬಂದು ನೋಡಿದರೆ ಮಸೀದಿ ರಸ್ತೆಯ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಳ್ತಾ ನಗ್ತಿದ್ದಾರೆ. “ಎಲ್ಲಾ ಸಿನಿಮಾದಾಗೂ ಕೊನೇಗೆ ಸಾಯಿಸ್ತಾರೆ. ಇವ್ರು ಸತ್ತೋಳ್ನ ಎಬ್ಸಿ ಮನೇಗೆ ಕರ್ಕೊಂಡ್ ಬಂದ್ರಲ್ಲಪ್ಪಾ! ರಜಿಯಾ ಬದುಕೊಂಡ್ಳು!”

ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಅವರ ಕಣ್ಣೂ ಕೆಂಪಾಗಿತ್ತು. ಅವರಿಗಾದರೂ ನಿಜ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಅವರು ಬಿಡಲಿಲ್ಲ.

“ನಮ್ಮಮ್ಮ ಹೋಗಿ ಮೂರು ವರ್ಷ ಆಯ್ತು ಮೇಷ್ಟ್ರೇ. ಇವತ್ತು ಕೂತು ಅವಳ ಹತ್ರ ಬೈಸ್ಕೊಂಡು ಊಟ ಮಾಡ್ದಂಗಾಯ್ತು. ಹಾಲ್ ನಿಮ್ಮದೇ, ಎಷ್ಟು ವರ್ಷ ಬೇಕಾದ್ರೂ ನಡೆಸ್ಕೊಳ್ಳಿ. ಆದ್ರೆ ಒಂದೇ ಕಂಡೀಷನ್ನು. ಸಿನಿಮಾ ತರಿಸೋದಾದ್ರೆ ಈ ಇಟಲಿಯೋರದ್ದೇ ತರಿಸಿ. ನಮ್ಮ ಸಿನಿಮಾದೋರಿಗೆ ಯಾವ ರೀಲು ಯಾವಾಗ ಹಾಕ್ಬೇಕು ಅಂತಾನೇ ಗೊತ್ತಿಲ್ಲ.”