ಜ್ವಾಳದ ಪರದೆ, ಮೂರು ಮೆಮೊ

ನಮ್ಮ ಕೈಗಾರಿಕಾ ಪ್ರದೇಶದಾಗ ನನ್ನ ಕೆಲಸ ಇಷ್ಟ: ಕಾರ್ಖಾನಿ ಅಂತ ಜಾಗಾ ತಗೊಂಡವ್ರು ಅಲ್ಲಿ ಖರೇನ ಕಾರ್ಖಾನಿ ನಡಸ್ಯಾರೋ, ತಮ್ಮ ಶೋಕಿ ನಡಸ್ಯಾರೋ ಅಂತ ನೋಡೂದು. ರಸ್ತಾಕ್ಕ ಕಾಣೂಹಂಗ ಬಯಲಾಗ ಸಾಮಾನು ಹರವಿದ್ರ ನೋಟೀಸ್ ಕೊಡೂದು. ಈ ಕಾಯ್ದೆ ಬರದವ್ರು ಯಾರೂ ನಮ್ಮ ವಿಜಯಪುರದ ಮಂದಿನ್ನ ನೋಡಿಲ್ಲ ಅನಸ್ತೈತಿ. ನೋಡಿದ್ರ ನನಗ ವಾರಕ್ಕೊಂದು ಫಜೀತಿ ಇರ್ತಿರಲಿಲ್ಲ. ಅದರಾಗ ನಮ್ಮ ಸಾಹೇಬ್ರು ಹೇಳಿಬಿಟ್ಟಿದ್ರು, ಮೂರು ಮೆಮೊ ಬಿದ್ರ ಸೀದಾ ಬೀದರಿಗೆ ವರ್ಗಾವಣಿ ಅಂತ. ಬಬಲೇಶ್ವರದಾಗ ನಮ್ಮವ್ವ ಅದಾಳ, ಅವ್ವನ ಎಮ್ಮಿ ಐತಿ. ಎರಡೂ ನಾ ಬಿಟ್ರ ಮತ್ಯಾರ ಮಾತೂ ಕೇಳೂದಿಲ್ಲ.

೧. ಡ್ಯೂಟಿ ಮ್ಯಾಲಿನ ಟಗರು

ಜೋರಾಪುರ ಪೇಟೆಯವ್ರೊಬ್ರದು ಸಿಮೆಂಟ್ ಇಟ್ಟಂಗಿ ಕಾರ್ಖಾನಿ. ಶೆಡ್ಡಿನ್ಯಾಗ ಹೋಗಿ ನೋಡಿದ್ರ ಇಟ್ಟಂಗಿ ನಾಕು, ಕಾಳಗದ ಟಗರು ಒಂದು. ಕೋಡಿಗೆ ಎಣ್ಣಿ, ಕೊಳ್ಳಾಗ ಗೆಜ್ಜಿ, ಮುಂದ ನೆನಸಿದ ಕಡ್ಲಿ. ಇಲ್ಲಿ ಶೋಕಿಗೆ ಪ್ರಾಣಿ ಸಾಕೂಹಂಗಿಲ್ರಿ ಅಂದೆ. ಶೋಕಿ ಅಲ್ರಿ, ಇವ ನಮ್ಮ ವಾಚ್‌ಮನ್ ಅಂದ್ರು. ಬರಕೊಳ್ಳಾಕ ಬೆನ್ನು ತಿರುವಿದ್ದ ತಡ, ಹಿಂದಿಂದ ಒಂದು ಗುದ್ದು ಬಿತ್ತು. ಉಸುಕಿನ ಗುಂಪಿನ್ಯಾಗ ಬಕ್ಕಬರಲ ಬಿದ್ದೆ.

"ನೋಡ್ರಿ ಸರ, ಡ್ಯೂಟಿ ಮಾಡಾಕತ್ತೈತಿ," ಅಂದ್ರು.

ಸೊಂಟ ಹಿಡಕೊಂಡು 'ಕಾವಲುಗಾರ ಕರ್ತವ್ಯದಲ್ಲಿ ಹಾಜರು' ಅಂತ ಬರದು ಬಂದೆ. ಕಾವಲುಗಾರನ ಸಹಿ ಯಾಕ ತಗೊಂಡಿಲ್ಲ ಅಂತ ಮೊದಲನೇ ಮೆಮೊ ಬಂತು.

೨. ನೂಕ್ರಿ ಸರ

ಗೋಳಗುಮ್ಮಟದ ಕಡೆಯವ್ರೊಬ್ರಿಗೆ ಹಳೇ ಜೀಪಿನ ಹುಚ್ಚು. ನೀರಿನ ಟಾಕಿ ಮಾಡ್ತೇನಿ ಅಂತ ತಗೊಂಡ ಪ್ಲಾಟಿನ್ಯಾಗ ತುಕ್ಕು ಹಿಡದ ಜೀಪೊಂದು ನಿಂತಿತ್ತು. ಗುಜರಿ ಬಯಲಾಗ ಇಡೂಹಂಗಿಲ್ಲ ಅಂದದ್ದಕ್ಕ ಅವ್ರಿಗೆ ಭಾಳ ಸಿಟ್ಟು ಬಂತು. ಗುಜರಿ ಅನಬ್ಯಾಡ್ರಿ, ಒಂಚೂರು ನೂಕಿದ್ರ ಚಾಲೂ ಆಗ್ತೈತಿ ಅಂದ್ರು. ನಮ್ಮ ಕಡೆ ಗಾಡಿ ನಿಂತ್ರ ಕೇಳೂಕಿಂತ ಮೊದಲ ಹೆಗಲು ಕೊಡೂದು ರೂಢಿ, ನಾನೂ ಕೊಟ್ಟೆ. ಅವ್ರು ಸ್ಟೇರಿಂಗ್ ಹಿಡದು ಕುಂತ್ರು. ನೂಕಿ ನೂಕಿ ನನ್ನ ಇಂಜಿನ್ ಕೆಟ್ಟಿತು, ಜೀಪಿಂದು ಚಾಲೂ ಆಗಲಿಲ್ಲ. ತಲಿ ಎತ್ತಿ ನೋಡ್ತೇನಿ, ಬಾಜೂ ಖಾಲಿ ಪ್ಲಾಟಿನ್ಯಾಗ ಬಂದುಬಿಟ್ಟೇವಿ.

"ಈಗ ಬರಕೋರಿ. ನನ್ನ ಜಾಗಾದಾಗ ಏನೂ ಇಲ್ಲ."

ಬಾಜೂ ಪ್ಲಾಟಿನ ಮಾಲಕ್ರು ಗೇಟಿನ್ಯಾಗ ನಿಂತು, ನಾ ನೂಕೂ ಫೋಟೊ ಹೊಡದು ಸಾಹೇಬ್ರಿಗೆ ಕಳಿಸಿದ್ರು. ಎರಡನೇ ಮೆಮೊ.

೩. ಶಾಶ್ವತ ಹಸಿರು

ತಿಕೋಟಾದ ಧಣಿ ಒಬ್ರು ದ್ರಾಕ್ಷಿ ಬಳ್ಳಿ ಹಬ್ಬಸೂ ಕಬ್ಬಿಣದ ಆಂಗಲ್ ಮಾಡ್ತಾರ. ಶೆಡ್ ತುಂಬಿ ಮಾಲು ಹೊರಗ ಬಿದ್ದಿತ್ತು. ಹೊರಗ ಇಡಾಕ ಅಡ್ಡಿಲ್ಲ, ಆದ್ರ ರಸ್ತಾಕ್ಕ ಕಾಣಬಾರದು. ಗ್ವಾಡಿ ಕಟ್ಟರಿ, ಇಲ್ಲಾ ಹಸಿರು ಪರದೆ ಬೆಳಸ್ರಿ, ಕಾಯ್ದೆ ಹಂಗೈತಿ ಅಂದೆ. ಅಷ್ಟ ಹೌದಲ್ರಿ ಅಂದವ್ರು ಸುತ್ತಲೂ ಹಿಂಗಾರಿ ಜ್ವಾಳ ಬಿತ್ತಿಬಿಟ್ರು. ಒಕ್ಕಲುತನದ ಮನಷ್ಯಾ, ಹಸಿರು ಅಂದ್ರ ಅವ್ರಿಗೆ ಬೆಳಿ. ಚಳಿಗಾಲಕ್ಕ ಅದು ಆಳೆತ್ತರ ನಿಂತಿತು, ಒಳಗ ಆನಿ ಕಟ್ಟಿದ್ರೂ ಕಾಣ್ತಿರಲಿಲ್ಲ. 'ಶಾಶ್ವತ ಹಸಿರು ಪರದೆ ಇದೆ' ಅಂತ ನಾ ಧೈರ್ಯಲೆ ಸಹಿ ಹಾಕಿದೆ.

ತೆನಿ ಹಾಲುಗಾಳಾದಾಗ ಸೀತನಿ ತಿನ್ನಾಕ ಬರ್ರಿ ಅಂತ ಕರದ್ರು. ಎಳೀ ತೆನಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳಿನ ಮ್ಯಾಲ ಶೇಂಗಾ ಚಟ್ನಿ. ಒಂದ ವಾರದಾಗ ಮೂರು ಸಲ ಪರಿಶೀಲನಾ ಮಾಡಿದೆ. ತಿನ್ನುವಾಗ, ನಮ್ಮವ್ವನ ಎಮ್ಮಿಗೆ ಮೇವಿಲ್ಲ ಅಂತ ಮಾತಿನ್ಯಾಗ ಮಾತು ಬಂದು ಅಂದಿದ್ದೆ, ಅಷ್ಟ.

ಮುಂದ ಸುಗ್ಗಿ ಮುಗಿಯೂ ಹೊತ್ತಿಗೆ ಸಾಹೇಬ್ರು ನನ್ನ ವರದಿ ಓದಿ, ಆ ಪರದೆ ನಾನೂ ನೋಡ್ತೇನಿ ಅಂದ್ರು. ದಾರಿ ತುಂಬ ಹೊಗಳಕೋತ ಕರಕೊಂಡು ಹೋದೆ. ಗಾಡಿ ಇಳದು ನೋಡಿದ್ರ ಪರದೆನ ಇಲ್ಲ. ಜ್ವಾಳ ಕೊಯ್ದುಬಿಟ್ಟಿದ್ರು. ಆಂಗಲ್ ಎಲ್ಲಾ ಬಿಸಲಾಗ ಮಿಂಚಾಕತ್ತಿದ್ವು, ನಡುವ ಒಣ ದಂಟಿನ ಕಣಿಕಿ ಬಣವಿ ಬ್ಯಾರೆ. ನನಗಂತೂ ಬೀದರ್ ಕಣ್ಣ ಮುಂದ ಬಂದು ನಿಂತಿತು.

"ಪರದೆ ಎಲ್ಲೈತಿ?" ಸಾಹೇಬ್ರು ಕೇಳಿದ್ರು.

ಧಣಿ ಪಾಪ, ಸುಳ್ಳು ಹೇಳೂ ಮನಷ್ಯಾ ಅಲ್ಲ. "ಬಲತ ಬೆಳಿ ಹಕ್ಕಿಗೆ ಬಿಡಾಕ ಬರ್ತೈತೇನ್ರಿ? ಕಾಳು ಮನ್ಯಾಗ ಐತ್ರಿ. ಅರ್ಧಾ ಕಣಿಕಿ ನಿನ್ನೆ ಬಬಲೇಶ್ವರಕ್ಕ, ಇವರ ಅವ್ವನ ಎಮ್ಮಿಗೆ ಕಳಿಸೇನ್ರಿ. ಸೀತನಿ ಇದ್ದಾಗ ಇವ್ರು ತಾವ ಬಂದು ಮೂರು ಸಲ ಪರಿಶೀಲನಾ ಮಾಡ್ಯಾರ್ರಿ."

ಯಪ್ಪಾ, ಭೂಮಿ ಬಾಯಿ ಬಿಡಬಾರದ ಅನಸ್ತು. ಸಾಹೇಬ್ರು ಕಿಸೆದಾಗಿಂದ ಪೆನ್ನು ತಗದ್ರು. ಆಂಗಲ್ ಗುಂಪಿನ ಮ್ಯಾಲ ಕುಂತು, ಅಲ್ಲೇ ಮೂರನೇ ಮೆಮೊ ಬರದು ಕೈಯಾಗ ಇಟ್ರು. ಬಿಡಿಸಿ ಓದಿದೆ:

'ಮುಂದಿನ ಹಂಗಾಮಿನಲ್ಲಿ ಸದರಿ ಹಸಿರು ಪರದೆಯನ್ನು ಸೀತನಿ ಹಂತದಲ್ಲಿ ಕೆಳಗೆ ಸಹಿ ಮಾಡಿರುವ ಅಧಿಕಾರಿಗಳು ಖುದ್ದಾಗಿ ಪರಿಶೀಲಿಸುವರು. ಅಲ್ಲಿಯವರೆಗೆ ಸದರಿ ನೌಕರರ ವರ್ಗಾವಣೆಯನ್ನು ತಡೆಹಿಡಿಯಲಾಗಿದೆ. ಚಟ್ನಿಯ ವ್ಯವಸ್ಥೆ ಸದರಿ ನೌಕರರದ್ದು.'